ಬೆರಳಿನ ಸಾಮು

ಮೂರು ತಿಂಗಳಾಯಿತು ಇಲ್ಲಿ ಏನೂ ಬರೆದು. ಇಬ್ಬರು ಮೂವರು ಗೆಳೆಯರು ಮೇಲ್ ಮಾಡಿ "ಏನಪ್ಪಾ, ಬ್ಲಾಗ್ ಮುಚ್ಚಿದ್ಯಾ? ಇಲ್ಲಾ ಮದುವೆ ಆಯ್ತಾ?" ಅಂತ ಕೇಳಿದ್ದರು. ಎರಡೂ ಇಲ್ಲ :-) ಬಲಗೈ ಮಣಿಕಟ್ಟಿಗೆ ಪಟ್ಟಿ ಬಿದ್ದಿತ್ತು. ಆಫೀಸಿಗೆ ಬೇಕಾದಷ್ಟು ಟೈಪ್ ಮಾಡುವಷ್ಟರಲ್ಲೇ ಆ ದಿನದ ಕೋಟಾ ಮುಗಿದುಹೋಗುತ್ತಿತ್ತು. ಸಂಜೆ ಮೇಲೆ ಬರೆಯೋಣ ಅಂದರೆ ಕೈ ಏಳುತ್ತಿರಲಿಲ್ಲ.

ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು "ಸಾಫ್ಟ್‌ವೇರಾ?" ಅಂತ. ಹೌದು ಅಂದೆ. "ಮತ್ತೇನು, ಟೈಪಿಂಗ್ ಕಡಿಮೆ ಮಾಡಿ" ಅಂದರು. ನಾನು ಸ್ವಲ್ಪ ನಾಚಿಕೊಂಡೇ ಹೇಳಿದೆ, "ಟೈಪಿಂಗ್ ಅಲ್ಲ ಸರ್, ಪಿಯಾನೋ". ಅವರು ತಲೆಯೆತ್ತಿ ನೋಡಿದರು. "ಓಹೋ, ಕನ್ಸರ್ಟ್ ಕೊಡ್ತೀರಾ?" ಇಲ್ಲ ಸರ್, ಬರೀ ಬೆರಳಿನ ವ್ಯಾಯಾಮ. ವ್ಯಾಯಾಮ ಮಾಡಿ ಆರೋಗ್ಯ ಕೆಡಿಸಿಕೊಂಡವನನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ ಅಂತ ಕಾಣುತ್ತೆ.

ಈ ಬರಹ ಅದರ ಬಗ್ಗೆಯೇ. ಪಿಯಾನೋ, ಕೀಬೋರ್ಡು ಕಲಿಯುತ್ತಾ ಮಧ್ಯದ ಮೆಟ್ಟಿಲಲ್ಲಿ ನಿಂತಿರುವವರು ಬೆರಳಿನ ಅಭ್ಯಾಸ ಮಾಡಬೇಕಾ, ಬೇಡವಾ? ಮಾಡಿದರೆ ಹೇಗೆ? ನಾನು ಸಂಗೀತಗಾರನಲ್ಲ. ಆದರೆ ಕೈ ಕೆಡಿಸಿಕೊಂಡ ಅನುಭವದ ಮೇಲೆ ಒಂದು ಅಭಿಪ್ರಾಯ ಹುಟ್ಟಿದೆ, ಅದನ್ನು ಹೇಳಿಬಿಡುತ್ತೇನೆ.

*

ಮೊದಲು ಸ್ವಲ್ಪ ಹಿಂದಿನ ಕಥೆ. ನಮ್ಮೂರು ಅಣ್ಣಿಗೇರಿ. ಪಂಪ ಹುಟ್ಟಿದ ಊರು ಅಂತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ, ಅಮೃತೇಶ್ವರ ಗುಡಿಯ ಕಂಬ ತೋರಿಸುತ್ತೇವೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲು ಹಿಡಿದರೆ ನಡುವೆ ಸಿಗುತ್ತೆ. ಸುತ್ತ ಎರೆಮಣ್ಣು, ಕಡಲೆ, ಹತ್ತಿ, ಮೆಣಸಿನಕಾಯಿ. ಪಿಯಾನೋ ಅನ್ನುವ ವಸ್ತುವನ್ನು ನಾನು ಮೊದಲು ಕಣ್ಣಾರೆ ನೋಡಿದ್ದು ಬೆಂಗಳೂರಿಗೆ ಬಂದಮೇಲೆ. ಊರಲ್ಲಿ ಇದ್ದದ್ದು ಪೇಟಿ. ನಿಮ್ಮ ಕಡೆ ಹಾರ್ಮೋನಿಯಂ ಅಂತೀರಿ, ನಮ್ಮ ಕಡೆ ಪೇಟಿ. ಅದನ್ನು ಬಾರಿಸುವವರು ಪೇಟಿ ಮಾಸ್ತರು. ಭಜನೆಗೂ ಅವರೇ, ಜಾತ್ರೆಯಲ್ಲಿ ಹುಡುಗರು ಆಡುವ ನಾಟಕಕ್ಕೂ ಅವರೇ.

ಆರನೇ ಇಯತ್ತೆಯಿಂದ ಹತ್ತನೆಯವರೆಗೆ ನಾನು ಅಂಥ ಒಬ್ಬ ಮಾಸ್ತರ ಹತ್ತಿರ ಕಲಿತೆ. ಅವರ ಮನೆ ಪಡಸಾಲೆಯಲ್ಲಿ ನಾಲ್ಕೈದು ಹುಡುಗರು, ಒಂದೇ ಪೇಟಿ. ಒಬ್ಬ ಬಾರಿಸಿದರೆ ಉಳಿದವರು ಹಾಡಬೇಕು. ಮೊದಲ ಒಂದು ವರ್ಷ ಬರೀ ಪಲ್ಟಾ. ಸಾರೇಗ, ರೇಗಮ, ಗಮಪ. ಹೋಗುವುದು, ಬರುವುದು. ಒಂದು ಹಾಡು ಹೇಳಿಕೊಡ್ರಿ ಅಂದರೆ "ಇನ್ನೂ ಬೆರಳಿಗೆ ದಾರಿ ಗೊತ್ತಿಲ್ಲ, ಹಾಡಂತ ಹಾಡು" ಅಂತ ಬೈಗುಳ.

ಆಮೇಲೆ ಪಿಯುಸಿ, ಸಿಇಟಿ, ಇಂಜಿನಿಯರಿಂಗ್. ಪೇಟಿ ಮೇಲೆ ಅವ್ವ ಹಳೇ ಕೌದಿ ಹೊಚ್ಚಿದಳು.

ಬೆಂಗಳೂರಿಗೆ ಬಂದು, ಕೆಲಸ ಗಟ್ಟಿಯಾಗಿ, ಒಂದು ಬೋನಸ್ ಬಂದಾಗ 88 ಕೀಗಳ ಡಿಜಿಟಲ್ ಪಿಯಾನೋ ತಗೊಂಡೆ. ಭಾನುವಾರ ಕ್ಲಾಸು. ಹೆಸರು ಬರೆಸುವಾಗ "ಮೊದಲು ಏನಾದರೂ ಕಲಿತಿದ್ದೀರಾ?" ಅಂತ ಕೇಳಿದರು. ನಾನು "ಇಲ್ಲ" ಅಂದೆ. ಯಾಕೆ ಹಾಗಂದೆನೋ! ಪೇಟಿ ಅಂದರೆ ನಕ್ಕಾರು ಅನ್ನುವ ಹಳ್ಳಿಹುಡುಗನ ನಾಚಿಕೆ ಇರಬೇಕು. ಪೇಟಿಯ ಮೇಲಿನ ಈ ತಾತ್ಸಾರ ಹೊಸದೇನಲ್ಲ. ಮೀಂಡ್ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಅಂತ ಆಕಾಶವಾಣಿಯವರು 1940ರಲ್ಲಿ ಅದನ್ನು ಬಾನುಲಿಯಿಂದಲೇ ಹೊರಗಿಟ್ಟಿದ್ದರು, ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಅಷ್ಟು ವರ್ಷ ನಮ್ಮ ಕಡೆಯ ನಾಟಕ ಕಂಪನಿಗಳು, ಭಜನಾ ಮಂಡಳಿಗಳು ಅದನ್ನು ಬಿಡಲಿಲ್ಲ ಅನ್ನುವುದು ಬೇರೆ ಮಾತು. ಬೆಳಗಾವಿಯ ರಾಂಭಾವು ವಿಜಾಪುರೆಯವರಂಥವರು (1917–2010) ಅದರಲ್ಲೇ ಇಡೀ ಜೀವನ ತೇಯ್ದರು. ಅಂಥ ವಾದ್ಯ ಕಲಿತವನು ನಾನು "ಇಲ್ಲ" ಅಂದುಬಿಟ್ಟೆ. ಆ ಸುಳ್ಳಿಗೆ ಆಮೇಲೆ ದಂಡ ಕಟ್ಟಿದೆ.

*

ಮೂರು ವರ್ಷದಲ್ಲಿ ಐದನೇ ಗ್ರೇಡಿನ ಹತ್ತಿರ ಬಂದೆ. ಒಟ್ಟು ಎಂಟು ಗ್ರೇಡು. ಐದು ಅಂದರೆ ಸರಿಯಾಗಿ ನಡುವೆ. ಇದು ವಿಚಿತ್ರವಾದ ಜಾಗ. ಶುರುವಿನಲ್ಲಿ ಪ್ರತಿ ವಾರ ಏನೋ ಹೊಸದು ಬರುತ್ತಿರುತ್ತೆ. ಇಲ್ಲಿ ಬಂದಮೇಲೆ ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಹಾಗೆ ಅನ್ನಿಸುತ್ತೆ. ಕ್ಲೆಮೆಂಟಿಯ ಒಂದು ಸೊನಾಟಿನಾ ಹಿಡಿದುಕೊಂಡು ಕೂತಿದ್ದೆ. ಬಲಗೈ ಓಡುತ್ತೆ, ಎಡಗೈ ಕುಂಟುತ್ತೆ. ವೇಗ ಹೆಚ್ಚಿಸಿದರೆ ಎರಡೂ ಜಗಳಕ್ಕೆ ಬೀಳುತ್ತವೆ.

ಆಗ ಸಿಕ್ಕಿದ್ದು ಹ್ಯಾನನ್. ಪಿಯಾನೋ ಕಲಿತವರಿಗೆಲ್ಲ ಈ ಹೆಸರು ಗೊತ್ತು. ಷಾರ್ಲ್ ಲೂಯಿ ಹ್ಯಾನನ್, ಫ್ರಾನ್ಸಿನವನು, 1819ರಲ್ಲಿ ಹುಟ್ಟಿ 1900ರಲ್ಲಿ ತೀರಿಕೊಂಡ. 1873ರಲ್ಲಿ ಅವನ 60 ಅಭ್ಯಾಸಗಳ ಪುಸ್ತಕ ಬಂತು. ಇವತ್ತಿಗೂ ಮಾರಾಟವಾಗುತ್ತಿದೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿಯೂ ಸಿಗುತ್ತೆ. ಮೊದಲ 20 ಅಭ್ಯಾಸಗಳೆಲ್ಲ ಬಿಳಿ ಕೀಗಳ ಮೇಲೆ. ಎರಡೂ ಕೈ ಒಂದೇ ಸ್ವರವನ್ನು ಬೇರೆ ಬೇರೆ ಸಪ್ತಕದಲ್ಲಿ ಒಟ್ಟಿಗೆ ನುಡಿಸುತ್ತಾ ಮೇಲೆ ಹೋಗಬೇಕು, ಕೆಳಗೆ ಬರಬೇಕು. ಮೆಟ್ರೊನೋಮನ್ನು 60ಕ್ಕೆ ಇಟ್ಟು ಶುರುಮಾಡಿ ನಿಧಾನಕ್ಕೆ 108ಕ್ಕೆ ಮುಟ್ಟಿಸು, ಬೆರಳನ್ನು ಚೆನ್ನಾಗಿ ಎತ್ತಿ ಎತ್ತಿ ಹೊಡಿ ಅನ್ನುವುದು ಅವನ ಸಲಹೆ.

ನಮ್ಮ ಟೀಚರ್ ಹೇಳಿದ್ದು "ಒಂದೋ ಎರಡೋ ತಗೊಂಡು ನಿಧಾನಕ್ಕೆ ಮಾಡಿ" ಅಂತ ಮಾತ್ರ. ಆದರೆ ನಾನು ಇಂಜಿನಿಯರು ನೋಡಿ. ಎಕ್ಸೆಲ್ ಶೀಟ್ ಮಾಡಿದೆ. ಒಂದು ಕಾಲಮ್ಮಿನಲ್ಲಿ ಅಭ್ಯಾಸದ ನಂಬರು, ಪಕ್ಕದಲ್ಲಿ ಅವತ್ತಿನ ವೇಗ, ಕೆಳಗೆ ಗ್ರಾಫು. ಗ್ರಾಫು ಮೇಲೆ ಹೋಗುತ್ತಿದ್ದರೆ ಎಂಥ ಖುಷಿ! ದಿನಾ ಬೆಳಿಗ್ಗೆ 20 ಅಭ್ಯಾಸ. ಒಂದು ಅಭ್ಯಾಸದ ಒಂದು ಸುತ್ತಿಗೆ ಒಂದು ಕೈಗೆ ಇನ್ನೂರು ಚಿಲ್ಲರೆ ಸ್ವರ, ಇಪ್ಪತ್ತಕ್ಕೆ ನಾಲ್ಕು ಸಾವಿರದ ಮೇಲೆ. 108ರ ವೇಗದಲ್ಲಿ ತಾಳದ ಒಂದು ಪೆಟ್ಟಿಗೆ ನಾಲ್ಕು ಸ್ವರದಂತೆ ಸೆಕೆಂಡಿಗೆ ಏಳು. ಅದಾದಮೇಲೆ ಆಫೀಸಿಗೆ ಹೋಗಿ ಎಂಟು ಒಂಬತ್ತು ತಾಸು ಇನ್ನೊಂದು ಕೀಬೋರ್ಡು. ಊರಿಗೆ ಫೋನ್ ಮಾಡಿದಾಗ ಅವ್ವ ಅಂದಳು, "ಹಗಲೆಲ್ಲಾ ಕಂಪ್ಯೂಟರ ಕುಟ್ಟತಿ, ಮನ್ಯಾಗ ಮತ್ತ ಅದನ್ನ ಕುಟ್ಟತಿ. ಕೈಯೇನು ಬಾಡಗಿಗೆ ತಂದೀಯೇನು?"

ಎರಡು ತಿಂಗಳಿಗೆ 104 ಮುಟ್ಟಿದೆ. ಮಜಾ ಏನಂದರೆ ಸೊನಾಟಿನಾ ಇದ್ದಲ್ಲೇ ಇತ್ತು! ಎಡಗೈ ಅಲ್ಲೇ ಕುಂಟುತ್ತಿತ್ತು. ಮೂರನೇ ತಿಂಗಳು ಬಲಮುಂಗೈ ಒಳಗೆ ಸುಡುವ ನೋವು ಶುರುವಾಯಿತು. ನೋವು ಬಂದರೆ ಬೆರಳು ಗಟ್ಟಿಯಾಗುತ್ತಿದೆ ಅಂತ ಅರ್ಥ ಅಂದುಕೊಂಡು ಇನ್ನೂ ಎರಡು ವಾರ ಒತ್ತಿದೆ. ಒಂದು ದಿನ ಚಹಾದ ಕಪ್ಪು ಎತ್ತಲು ಆಗಲಿಲ್ಲ. ಡಾಕ್ಟರು, ಪಟ್ಟಿ, ರಜೆ... ಮೇಲೆ ಹೇಳಿದೆನಲ್ಲ.

ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಆ ವಾರ ನಿಜವಾಗಿ ಹೆದರಿದ್ದೆ. ನನ್ನ ಊಟ ನಡೆಯುವುದು ಇದೇ ಬೆರಳುಗಳಿಂದ. ಮನೆಯ ಸಾಲದ ಕಂತು ಈ ಮಣಿಕಟ್ಟಿನ ಮೇಲೆ ನಿಂತಿದೆ. ಹವ್ಯಾಸಕ್ಕೆ ಅಂತ ಹಿಡಿದದ್ದು ಹೊಟ್ಟೆಗೇ ಕೈ ಹಾಕಿತಲ್ಲ ಅಂತ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

*

ಪಟ್ಟಿ ಬಿಚ್ಚಿದ ಮೇಲೆ ನಾಲ್ಕು ದಿನ ಊರಿಗೆ ಹೋದೆ. ಮಾಸ್ತರನ್ನು ನೋಡಿ ಬಹಳ ವರ್ಷವಾಗಿತ್ತು. ಈಗ ಕಣ್ಣು ಮಂಜಾಗಿದೆ, ಪಾಠ ನಿಲ್ಲಿಸಿದ್ದಾರೆ. ಪೇಟಿ ಮಾತ್ರ ಅದೇ ಪಡಸಾಲೆಯಲ್ಲಿ ಅದೇ ಜಾಗದಲ್ಲಿದೆ.

"ಏನೋ ಇಂಜಿನಿಯರ, ಕೈಗೇನಾತು?"

"ಪಿಯಾನೋ ಬಾರಿಸಿ ನೋವಾಗಿತ್ರಿ ಸರ."

"ಬಾರಿಸಿ ನೋವಾತೋ, ಗುದ್ದ್ಯಾಡಿ ನೋವಾತೋ? ಏನ್ ಬಾರಿಸ್ತಿದ್ದಿ, ತೋರ್ಸು."

ಪೇಟಿ ಮುಂದೆ ಕೂತು ಹ್ಯಾನನ್ನನ ಮೊದಲ ಅಭ್ಯಾಸವನ್ನು ಬಲಗೈಯಲ್ಲಿ ಮೆಲ್ಲಗೆ ತೋರಿಸಿದೆ. ಸಾ ಹಿಡಿದು, ರೇ ದಾಟಿ ಗಕ್ಕೆ ಜಿಗಿದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಧದವರೆಗೆ ಹತ್ತಿ, ಹಾಗೇ ಗಕ್ಕೆ ಇಳಿದು ಬರುವುದು. ಮುಂದಿನ ಸಲ ರೇಯಿಂದ ಅದನ್ನೇ. ಅದರ ಮುಂದೆ ಗದಿಂದ.

ಮಾಸ್ತರು ಎರಡನೇ ಸುತ್ತಿಗೇ ಅದನ್ನು ಸರಿಗಮದಲ್ಲಿ ಹಾಡತೊಡಗಿದರು. ಹಾಡಿ ನಕ್ಕರು.

"ಇದು ಪಲ್ಟಾನ ಅಲ್ಲೇನೋ! ಇದನ್ನ ಕಲಿಯಾಕ ಬೆಂಗಳೂರಿಗೆ ಹೋದ್ಯಾ?"

ಮೂರು ತಿಂಗಳು ದಿನಾ ಬಾರಿಸಿದ್ದೆ, ಒಂದು ದಿನವೂ ನನಗೆ ಅದು ಪಲ್ಟಾ ಅಂತ ಹೊಳೆದಿರಲಿಲ್ಲ. ಯಾಕೆ ಅಂದರೆ ಒಂದು ದಿನವೂ ಅದನ್ನು ಕೇಳಿಸಿಕೊಂಡಿರಲಿಲ್ಲ. ನಾನು ಕೇಳುತ್ತಿದ್ದದ್ದು ಮೆಟ್ರೊನೋಮಿನ ಟಿಕ್ ಟಿಕ್ ಮಾತ್ರ.

"ಹಾಡ್ಕೋತ ಬಾರ್ಸು ನೋಡೋಣು" ಅಂದರು. ಆಗಲಿಲ್ಲ. ಬೆರಳು ಓಡುತ್ತವೆ, ಬಾಯಿ ಹಿಂದೆ ಬೀಳುತ್ತೆ. "ಹೋಗಲಿ, ಕರಿ ನಾಕಕ್ಕ ಸಾ ಹಿಡಿದು ಬಾರ್ಸು" ಅಂದರು. ಅಂದರೆ ನಾಲ್ಕನೇ ಕಪ್ಪು ಪಟ್ಟಿಯನ್ನು ಸಾ ಮಾಡಿಕೊಂಡು. ಅದಂತೂ ಎರಡನೇ ಸ್ವರಕ್ಕೇ ಮುಗ್ಗರಿಸಿತು.

"ಬೆರಳ ಓಡಾಕತ್ತಾವ, ಖರೆ. ನೀ ಎಲ್ಲಿದ್ದಿ?"

ಹನ್ನೆರಡು ವರ್ಷದ ಹುಡುಗನಿದ್ದಾಗ ನನಗೆ ಇದು ಬರುತ್ತಿತ್ತು. ಜಾತ್ರೆಯ ನಾಟಕದಲ್ಲಿ ಒಬ್ಬ ಪಾತ್ರಧಾರಿ ಕರಿ ಒಂದಕ್ಕೆ ಹಾಡಿದರೆ ಇನ್ನೊಬ್ಬ ಬಿಳಿ ನಾಲ್ಕಕ್ಕೆ ಎತ್ತಿಕೊಳ್ಳುತ್ತಿದ್ದ. ಪೇಟಿಯವನು ಯಾರು ಎಲ್ಲಿ ಹಿಡಿದರೂ ಹಿಂದೆ ಹೋಗಲೇಬೇಕು. ಅದಕ್ಕೇ ಮಾಸ್ತರು ಪಲ್ಟಾಗಳನ್ನು ಎಲ್ಲಾ ಪಟ್ಟಿಯಿಂದಲೂ ಮಾಡಿಸುತ್ತಿದ್ದರು. ನಾನು ಕ್ಲಾಸಿನಲ್ಲಿ "ಏನೂ ಕಲಿತಿಲ್ಲ" ಅಂದಿದ್ದೆನಲ್ಲ, ಹಾಗೆ ಹೇಳುತ್ತಾ ಹೇಳುತ್ತಾ ಅದೂ ನಿಜವಾಗಿಬಿಟ್ಟಿತ್ತು.

*

ಇಷ್ಟು ಹೇಳಿ "ಆದ್ದರಿಂದ ನಮ್ಮ ಹಳ್ಳಿ ಮಾಸ್ತರೇ ಸರಿ, ಫ್ರಾನ್ಸಿನವನು ತಪ್ಪು" ಅಂತ ಮುಗಿಸಿಬಿಟ್ಟರೆ ಬರಹ ಚೆನ್ನಾಗಿರುತ್ತೆ, ಆದರೆ ಅದು ನಿಜ ಅಲ್ಲ. ಅವತ್ತೇ ನಾನು ಮಾಸ್ತರಿಗೆ ಕೇಳಿದೆ, "ಸರ, ಇದನ್ನ ಎಡಗೈಲೆ ಬಾರಿಸ್ರಿ ನೋಡೋಣು". ಅವರು ನಕ್ಕು ಕೈಯಾಡಿಸಿದರು. "ಅದು ಗಾಳಿ ಹಾಕೋ ಕೈಲೇ."

ಅಲ್ಲಿದೆ ನೋಡಿ ವಿಷಯ. ಪೇಟಿಯಲ್ಲಿ ಎಡಗೈ ತಿದಿ ಒತ್ತುತ್ತೆ. ಹತ್ತು ಬೆರಳಲ್ಲಿ ಐದು ಬೆರಳಿಗೆ ಸ್ವರವೇ ಗೊತ್ತಿಲ್ಲ. ನಮ್ಮ ಮಾಸ್ತರು ಬಲಗೈಯ ಕಿರುಬೆರಳನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸ: ಪೇಟಿಯಲ್ಲಿ ಸದ್ದು ಹುಟ್ಟುವುದು ಗಾಳಿಯಿಂದ, ಒಳಗಿನ ರೀಡಿನಿಂದ. ಪಟ್ಟಿಯನ್ನು ಮೆಲ್ಲಗೆ ಒತ್ತಿ, ಗುದ್ದಿ, ಸದ್ದು ಅಷ್ಟೇ. ದೊಡ್ಡದು ಸಣ್ಣದು ಮಾಡುವುದು ತಿದಿಯ ಕೆಲಸ. ಪಿಯಾನೋದಲ್ಲಿ ಸುತ್ತಿಗೆ ಎಷ್ಟು ವೇಗವಾಗಿ ತಂತಿಗೆ ಬಡಿಯುತ್ತೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಂದರೆ ಪ್ರತಿ ಬೆರಳೂ ತಾನೇ ತಿದಿಯಾಗಬೇಕು. ಪೇಟಿಯಿಂದ ಪಿಯಾನೋಕ್ಕೆ ಬಂದವನಿಗೆ ಬರೀ ಪಲ್ಟಾ ಸಾಲದು. ಎಡಗೈಗೆ, ಕಿರುಬೆರಳಿಗೆ, ಒತ್ತಡದ ಹದಕ್ಕೆ ಅಂತ ಬೇರೆ ಅಭ್ಯಾಸ ಬೇಕೇ ಬೇಕು. ಹಾಗಾಗಿ "ಹ್ಯಾನನ್ ಸುಟ್ಟುಹಾಕಿ, ಹಾಡುಗಳನ್ನೇ ನುಡಿಸಿ" ಅನ್ನುವ ಪಂಥವನ್ನೂ ನಾನು ಒಪ್ಪುವುದಿಲ್ಲ.

ನನ್ನ ತಕರಾರು ಅಭ್ಯಾಸದ ಮೇಲಲ್ಲ. ಅದಕ್ಕೆ "ಬೆರಳು ಗಟ್ಟಿ ಮಾಡುವುದು" ಅಂತ ಹೆಸರಿಟ್ಟಿದ್ದೇವಲ್ಲ, ಅದರ ಮೇಲೆ.

ಸ್ವಲ್ಪ ಲೆಕ್ಕ ನೋಡಿ. ಪಿಯಾನೋದ ಒಂದು ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ತೂಕ ಸಾಕು. ಇಳಿಯುವ ಆಳ ಹೆಚ್ಚುಕಡಿಮೆ ಒಂದು ಸೆಂಟಿಮೀಟರು. ಒಂದು ಹಿಡಿ ಕಡಲೆಯ ತೂಕ. ಇದಕ್ಕೆ ಗರಡಿಮನೆಯ ಸಾಮು ಯಾಕೆ? ಇನ್ನು ಬೆರಳನ್ನು ಬಗ್ಗಿಸುವ, ಎತ್ತುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ. ಅವು ಇರುವುದು ಮುಂಗೈಯಲ್ಲಿ, ಅಲ್ಲಿಂದ ಹಗ್ಗದ ಹಾಗೆ ನರಗಟ್ಟು ಬೆರಳಿಗೆ ಬಂದಿರುತ್ತೆ. ಉಂಗುರ ಬೆರಳಿನ ಹಗ್ಗಕ್ಕೆ ಅಕ್ಕಪಕ್ಕದ ಬೆರಳುಗಳ ಹಗ್ಗದ ಜೊತೆ ಕೈ ಹಿಂಬದಿಯಲ್ಲಿ ಅಡ್ಡ ಗಂಟು ಇದೆ. ಈಗಲೇ ನೋಡಿ: ಮಧ್ಯದ ಬೆರಳನ್ನು ಅಂಗೈಯೊಳಗೆ ಮಡಚಿ ಮೇಜಿನ ಮೇಲೆ ಕೈ ಇಟ್ಟು ಉಂಗುರ ಬೆರಳು ಎತ್ತಿ. ಏಳುವುದಿಲ್ಲ. ಎಷ್ಟು ಹ್ಯಾನನ್ ಮಾಡಿದರೂ ಆ ಗಂಟು ಬಿಚ್ಚುವುದಿಲ್ಲ. ಬೆರಳನ್ನು ಎತ್ತಿ ಎತ್ತಿ ಹೊಡೆದರೆ ಆ ಹಗ್ಗಗಳು ಮಣಿಕಟ್ಟಿನಲ್ಲಿ ತಿಕ್ಕಾಡಿ ಊದಿಕೊಳ್ಳುತ್ತವೆ. ನನಗಾದದ್ದು ಅದೇ.

ಬೆರಳನ್ನು ಬಲವಂತದಿಂದ ಬಿಡಿಸಲು ಹೋಗಿ ಕೆಟ್ಟವರಲ್ಲಿ ದೊಡ್ಡ ಹೆಸರೂ ಇದೆ. ಜರ್ಮನಿಯ ರಾಬರ್ಟ್ ಶೂಮನ್ 1830ರ ದಶಕದ ಆರಂಭದಲ್ಲಿ ಬಲಗೈ ಕೆಡಿಸಿಕೊಂಡು ಪಿಯಾನೋ ವಾದಕನಾಗುವ ಆಸೆಯನ್ನೇ ಬಿಟ್ಟ. ಬೆರಳಿಗೆ ಒಂದು ಯಂತ್ರ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದ. ಕೈ ಕೆಟ್ಟದ್ದಕ್ಕೆ ಅದೇ ಕಾರಣವೋ ಬೇರೆ ಕಾಯಿಲೆಯೋ ಅಂತ ಇವತ್ತಿಗೂ ವಾದ ನಡೆದಿದೆ. ಅವನ ಸಮಕಾಲೀನ ಶೋಪಾನ್ ಮಾತ್ರ ಬೇರೆ ದಾರಿ ಹಿಡಿದಿದ್ದ. ಐದು ಬೆರಳು ಐದು ಥರ ಇರುವುದೇ ಸಹಜ, ಎಲ್ಲವನ್ನೂ ಒಂದೇ ಥರ ಮಾಡಲು ಹೊರಡುವುದು ತಪ್ಪು ಅನ್ನುವುದು ಅವನ ಮತ. ಬರೀ ಬಿಳಿ ಕೀಗಳ ಸಿ ಮೇಜರಿನಿಂದ ಅವನು ಶುರುಮಾಡಿಸುತ್ತಿರಲಿಲ್ಲ. ಹೆಬ್ಬೆರಳು ಮತ್ತು ಕಿರುಬೆರಳು ಬಿಳಿಯ ಮೇಲೆ, ನಡುವಿನ ಮೂರು ಉದ್ದ ಬೆರಳು ಕಪ್ಪಿನ ಮೇಲೆ ಬರುವಂತೆ ಕೈ ಇಡಿಸುತ್ತಿದ್ದ. ಆ ಐದು ಸ್ವರ ನಮ್ಮ ಲೆಕ್ಕದಲ್ಲಿ ಏನು ಗೊತ್ತಾ? ಬಿಳಿ ಮೂರನ್ನು ಸಾ ಮಾಡಿಕೊಂಡರೆ ಸಾ, ರೇ, ಗ, ತೀವ್ರ ಮ, ಪ. ನಮ್ಮ ಯಮನ್! ಇದು ಗೊತ್ತಾದ ದಿನ ರಾತ್ರಿ ಒಬ್ಬನೇ ಕೂತು ನಕ್ಕೆ.

ಬಲ ಎಲ್ಲಿಂದ ಬರುತ್ತೆ ಅನ್ನುವುದನ್ನು ನನಗೆ ಗೊತ್ತಿಲ್ಲದೇ ಕಲಿಸಿದ್ದು ಅವ್ವ. ಊರಲ್ಲಿದ್ದಾಗ ಬೆಳಿಗ್ಗೆ ಒಲೆ ಮುಂದೆ ಕೂತು ಅವಳು ಜೋಳದ ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದೆ. ಬೆರಳು ಎತ್ತಿ ಎತ್ತಿ ಬಡಿಯುವುದಿಲ್ಲ ಅವಳು. ತೋಳು ಸಡಿಲ, ಮಣಿಕಟ್ಟು ಸಡಿಲ, ಕೈಯ ಭಾರವೇ ಬೀಳುತ್ತೆ, ಅಂಗೈ ಹಿಟ್ಟನ್ನು ತಿರುಗಿಸುತ್ತೆ. ತಾಳ ಒಂದು ಚೂರೂ ತಪ್ಪುವುದಿಲ್ಲ. ನಲವತ್ತು ವರ್ಷದಿಂದ ದಿನಾ ಬಡಿಯುತ್ತಿದ್ದಾಳೆ, ಮಣಿಕಟ್ಟಿಗೆ ಪಟ್ಟಿ ಬಿದ್ದದ್ದು ಅವಳ ಇಂಜಿನಿಯರ್ ಮಗನಿಗೆ!

*

ಹಾಗಾದರೆ ಬೆರಳಿನ ಅಭ್ಯಾಸ ಯಾತಕ್ಕೆ? ಕೈಗೆ ದಾರಿ ಗೊತ್ತಾಗಲಿ ಅಂತ, ಕಿವಿ ಕೈಯ ಮೇಲೆ ಕಣ್ಣಿಡಲಿ ಅಂತ. ಮಾಸ್ತರು ಆಗಲೇ ಹೇಳಿದ್ದರು, "ಬೆರಳಿಗೆ ದಾರಿ ಗೊತ್ತಿಲ್ಲ" ಅಂತ. ಶಕ್ತಿ ಇಲ್ಲ ಅಂತ ಅವರು ಯಾವತ್ತೂ ಹೇಳಿರಲಿಲ್ಲ.

ನಮ್ಮ ಸೀಮೆಯ ದೊಡ್ಡವರು ಕಲಿತದ್ದೂ ಹೀಗೇ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದರು. ಗುರುಗಳು ಕೊಡುತ್ತಿದ್ದದ್ದು ಸ್ವಲ್ಪವೇ, ಅದನ್ನೇ ತಿದ್ದಿಸಿ ತಿದ್ದಿಸಿ ಹೇಳಿಸುತ್ತಿದ್ದರು ಎಂದು ಅವರು ನೆನೆಸಿಕೊಂಡಿದ್ದಾರೆ. ಇಪ್ಪತ್ತು ಅಭ್ಯಾಸವನ್ನು ಒಂದೇ ಉಸಿರಿಗೆ ಓಡಿಸುವ ಮಾತಲ್ಲ ಅದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು (1914–2010) ಪೇಟಿ, ತಬಲಾ, ಸಾರಂಗಿ, ಪಿಟೀಲು ಎಲ್ಲ ನುಡಿಸುತ್ತಿದ್ದರು, ಕಣ್ಣಿಲ್ಲದೆ. ಕಣ್ಣಿಲ್ಲದವನಿಗೆ ಕೀ ಎಲ್ಲಿದೆ ಅಂತ ಹೇಳುವುದು ಕಿವಿ ಮತ್ತು ಬೆರಳ ತುದಿ ಮಾತ್ರ. ಕಣ್ಣಿರುವ ನಾವು ಕಿವಿ ಮುಚ್ಚಿಕೊಂಡು ಮೆಟ್ರೊನೋಮಿನ ನಂಬರು ನೋಡುತ್ತಾ ಕೂತಿದ್ದೇವೆ.

ದಕ್ಷಿಣಾದಿಯಲ್ಲೂ ಇದಕ್ಕೆ ಜಾಣ ಏರ್ಪಾಡಿದೆ. ಪುರಂದರದಾಸರು ಹಾಕಿಕೊಟ್ಟದ್ದು ಅನ್ನುವ ಸರಳೆ ವರಸೆ, ಜಂಟಿ ವರಸೆಗಳನ್ನು ಮಾಯಾಮಾಳವಗೌಳದಲ್ಲಿ ಹೇಳಿಕೊಡುತ್ತಾರೆ. ಎರಡು ವಿಷಯ ಗಮನಿಸಿ. ಒಂದು, ಅದೊಂದು ರಾಗ, ಬರೀ ಸಪಾಟು ಮೆಟ್ಟಿಲಲ್ಲ. ಕಿವಿಗೆ ಅಲ್ಲಿ ಕೆಲಸವಿದೆ. ಎರಡು, ವೇಗ ಹೆಚ್ಚಿಸುವ ರೀತಿ. 60 ಆಯ್ತು, ಇನ್ನು 62, 64 ಅಂತ ತೆವಳುವುದಲ್ಲ. ತಾಳ ಒಂದೇ, ಅದರೊಳಗೆ ಮೊದಲ ಕಾಲ, ಅದರ ಎರಡರಷ್ಟು, ನಾಲ್ಕರಷ್ಟು. ಮೂರೂ ಒಂದೇ ಕೂತದಲ್ಲಿ. ನಾಲ್ಕರಷ್ಟಕ್ಕೆ ಹೋದಾಗ ಎಲ್ಲಿ ಬಿಗಿಯಾಗುತ್ತೆ ಅಂತ ಕೈ ತಾನೇ ಹೇಳಿಬಿಡುತ್ತೆ, ಮತ್ತೆ ಮೊದಲ ಕಾಲಕ್ಕೆ ಬಂದು ಅದನ್ನು ಬಿಡಿಸಿಕೊಳ್ಳಬಹುದು. 62, 64ರ ದಾರಿಯಲ್ಲಿ ಬಿಗಿತ ಕೂಡಾ ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತುತ್ತೆ, ಚಹಾ ಕಪ್ಪು ಎತ್ತುವವರೆಗೆ ಗೊತ್ತಾಗುವುದಿಲ್ಲ.

*

ಈಗ ನಾನು ಮಾಡುತ್ತಿರುವುದು ಇಷ್ಟು. ಉಪದೇಶ ಅಲ್ಲ, ಬೇಕಾದರೆ ಮಾಡಿ ನೋಡಿ.

ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಒಂದೇ ಅಭ್ಯಾಸ, ಒಂದು ವಾರ ಪೂರ್ತಿ ಅದೇ. ಮೊದಲು ಹಾಡುತ್ತೇನೆ, ಆಮೇಲೆ ಹಾಡುತ್ತಾ ನುಡಿಸುತ್ತೇನೆ. ಬಾಯಿ ನಿಂತರೆ ಕೈಯೂ ನಿಲ್ಲಬೇಕು.

ಎಡಗೈಗೆ ಮೊದಲ ಐದು ನಿಮಿಷ. ಅದು ಇಷ್ಟು ವರ್ಷ ಗಾಳಿ ಹಾಕಿದ ಕೈ, ಅದಕ್ಕೆ ಬಾಕಿ ಕೊಡುವುದಿದೆ.

ದಿನಕ್ಕೊಂದು ಸಾ. ಸೋಮವಾರ ಬಿಳಿ ಒಂದು, ಮಂಗಳವಾರ ಕರಿ ಒಂದು, ಹೀಗೆ. ಹನ್ನೆರಡು ದಿನಕ್ಕೆ ಒಂದು ಸುತ್ತು. ಕೆಲವು ದಿನ ರೇ, ಧ ಕೋಮಲ ಮಾಡಿಕೊಂಡು ಭೈರವದಲ್ಲಿ, ಅಂದರೆ ಅದೇ ಮಾಯಾಮಾಳವಗೌಳದ ಸ್ವರಗಳಲ್ಲಿ. ಹ್ಯಾನನ್ ಭೈರವದಲ್ಲಿ ಎಷ್ಟು ಚೆಂದ ಕೇಳುತ್ತೆ ಅಂದರೆ ಪಕ್ಕದ ಮನೆ ಅಜ್ಜಿ "ಬೆಳಿಗ್ಗೆ ಅದೇನೋ ಒಳ್ಳೇದು ನುಡಿಸ್ತಿದ್ರಿ" ಅಂದರು! ಮೂರು ತಿಂಗಳು 104ರ ವೇಗದಲ್ಲಿ ಕುಟ್ಟಿದಾಗ ಅವರು ಕಿಟಕಿ ಮುಚ್ಚುತ್ತಿದ್ದರು.

ಒಂದು ಸುತ್ತು ಮೆಲ್ಲಗೆ, ಒಂದು ಸುತ್ತು ಜೋರಾಗಿ, ಒಂದು ಸುತ್ತು ಬಲಗೈ ಜೋರು ಎಡಗೈ ಮೆಲ್ಲ, ಆಮೇಲೆ ಉಲ್ಟಾ. ಪಿಯಾನೋದ ನಿಜವಾದ ಪಾಠ ಇದು, ಪೇಟಿಯಲ್ಲಿ ಸಿಗದ್ದು. ಸೊನಾಟಿನಾದಲ್ಲಿ ಎಡಗೈ ಕುಂಟುತ್ತಿದೆ ಅಂದುಕೊಂಡಿದ್ದೆನಲ್ಲ, ಅರ್ಧ ಸಮಸ್ಯೆ ಕುಂಟುವುದಲ್ಲ, ಎಡಗೈ ಅತಿ ಜೋರಾಗಿ ಹೊಡೆಯುತ್ತಿತ್ತು. ಅದು ಗೊತ್ತಾದದ್ದು ಈ ಅಭ್ಯಾಸದಿಂದ.

ನೋವು ಅಂದರೆ ನಿಲ್ಲಿಸು ಅಂತ ಅರ್ಥ. ಗಟ್ಟಿಯಾಗುತ್ತಿದೆ ಅಂತ ಅಲ್ಲ.

ಎಕ್ಸೆಲ್ ಶೀಟ್ ಅಳಿಸಿದ್ದೇನೆ :-) ಅಳೆಯಲು ಬರುವುದನ್ನೇ ನಾವು ಬೆಳೆಸುತ್ತಾ ಹೋಗುತ್ತೇವೆ, ವೇಗ ಅಳೆಯಲು ಬಹಳ ಸುಲಭ. ನಮ್ಮ ಆಫೀಸಿನಲ್ಲೂ ಇದೇ ಕಥೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

*

ಕೊನೆಗೊಂದು ಮಾತು. ಹುಬ್ಬಳ್ಳಿ, ಧಾರವಾಡ, ಗದಗಿನ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳಿಗೆ ಕೀಬೋರ್ಡು ಬಂದಿದೆ. ಅದೇ ಮನೆಯ ಅಟ್ಟದ ಮೇಲೆ ಅಜ್ಜನ ಪೇಟಿ ಧೂಳು ತಿನ್ನುತ್ತಿದೆ. ಮಕ್ಕಳು ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ, ತಂದೆತಾಯಿ ಎಷ್ಟನೇ ಗ್ರೇಡು ಅಂತ ಎಣಿಸುತ್ತಾರೆ. ಲಂಡನ್ನಿನ ಎಬಿಆರ್‌ಎಸ್‌ಎಂ ಪರೀಕ್ಷೆಯ ಪದ್ಧತಿಯಲ್ಲಿ 150ಕ್ಕೆ 21 ಅಂಕ ಸ್ಕೇಲು ಆರ್ಪೆಜಿಯೋಗಳಿಗೆ, 18 ಅಂಕ ಕಿವಿಯ ಪರೀಕ್ಷೆಗೆ. ಅವರೂ ಬೆರಳಿಗೆ, ಕಿವಿಗೆ ಹೆಚ್ಚುಕಡಿಮೆ ಸಮನಾಗೇ ಕೊಟ್ಟಿದ್ದಾರೆ. ಆದರೆ ಮನೆಯಲ್ಲಿ ನಾವು ಮಾಡುವುದು ಪೂರ್ತಿ ಬೆರಳು, ಸೊನ್ನೆ ಕಿವಿ. ಹತ್ತು ಹನ್ನೊಂದು ವರ್ಷದ ಮಗುವಿನ ಕೈಗೆ ಮೆಟ್ರೊನೋಮ್ ಕೊಟ್ಟು "108 ಮುಟ್ಟಿಸು" ಅನ್ನುವ ಮೊದಲು ಅದೇ ಅಭ್ಯಾಸವನ್ನು ಅದಕ್ಕೆ ಹಾಡಲು ಬರುತ್ತಾ ಅಂತ ಕೇಳಿ. ನನಗೆ ಇಪ್ಪತ್ತೆಂಟಕ್ಕೆ ಆದದ್ದು ಅವಕ್ಕೆ ಹನ್ನೆರಡಕ್ಕೆ ಆಗುವುದು ಬೇಡ.

ಪಿಯಾನೋ ಕಲಿಯುವವರಿಗೆ ಕನ್ನಡದಲ್ಲಿ, ನಮ್ಮ ಸರಿಗಮದಲ್ಲಿ ಬರೆದ ಬೆರಳಿನ ಅಭ್ಯಾಸಗಳು ನನಗಂತೂ ಎಲ್ಲೂ ಸಿಗಲಿಲ್ಲ. ಎರಡೂ ಕೈಗೆ, ಯಾವ ಬೆರಳು ಎಲ್ಲಿ ಅನ್ನುವ ನಂಬರಿನ ಜೊತೆ ಮಾಸ್ತರ ಪಲ್ಟಾಗಳನ್ನು ಒಂದೊಂದಾಗಿ ಬರೆದಿಡಲು ಶುರುಮಾಡಿದ್ದೇನೆ. ಹನ್ನೊಂದು ಆಗಿವೆ. ಕೈ ಒಪ್ಪಿದಷ್ಟು ಟೈಪ್ ಮಾಡಿ ಇಲ್ಲೇ ಹಾಕುತ್ತೇನೆ. ನಿಮ್ಮೂರ ಪೇಟಿ ಮಾಸ್ತರು ಹೇಳಿಕೊಟ್ಟ ಪಲ್ಟಾ ನಿಮಗೆ ನೆನಪಿದ್ದರೆ ಕಮೆಂಟಿನಲ್ಲಿ ಬರೆಯಿರಿ, ಸೇರಿಸುತ್ತೇನೆ. "ಇಲ್ಲ, ಹ್ಯಾನನ್ ಪೂರ್ತಿ ಮಾಡಿಯೇ ನಾನು ಮೇಲೆ ಬಂದೆ" ಅನ್ನುವವರಿದ್ದರೆ ಅವರೂ ಬರೆಯಿರಿ, ಜಗಳ ಆಡೋಣ.

ಮುಂದಿನ ಭಾನುವಾರ ಕ್ಲಾಸಿನಲ್ಲಿ ಟೀಚರಿಗೆ ಒಂದು ವಿಷಯ ಹೇಳುವುದಿದೆ. ಮೂರು ವರ್ಷದ ಹಿಂದೆ ಅವರು ಒಂದು ಪ್ರಶ್ನೆ ಕೇಳಿದ್ದರು, ನಾನು ತಪ್ಪು ಉತ್ತರ ಕೊಟ್ಟಿದ್ದೆ. ಕಲಿತಿದ್ದೇನೆ ಮೇಡಂ, ಅಣ್ಣಿಗೇರಿಯಲ್ಲಿ ಐದು ವರ್ಷ ಪೇಟಿ ಕಲಿತಿದ್ದೇನೆ.